ನೆಲಗಿವಿಗೆ ಕೇಳದ ಓಣಿ

ಸುದ್ದಿಮನೆಯವರು ಸುಲಭಕ್ಕೆ ಬೆರಗಾಗುವ ಜನವಲ್ಲ. ಮಂತ್ರಿಯ ರಾಜೀನಾಮೆ, ಎರಡು ತಲೆಯ ಕರು, ಸೇತುವೆ ಕುಸಿತ, ಎಲ್ಲವನ್ನೂ ಒಂದೇ ಮುಖದಲ್ಲಿ ನೋಡಿ, "ಎಷ್ಟು ಕಾಲಂ ಬೇಕು?" ಎಂದು ಕೇಳುವವರು. ಅಂಥವರು ಆ ದಿನ ಗದಗಿನ 'ಬಯಲವಾಣಿ' ಪತ್ರಿಕೆಯ ಕಚೇರಿಯಲ್ಲಿ ಕೈಯಲ್ಲಿದ್ದ ಚಹಾ ಆರುವುದನ್ನೂ ಮರೆತು ಒಂದು ಕಬ್ಬಿಣದ ಪೆಟ್ಟಿಗೆಯ ಸುತ್ತ ನಿಂತಿದ್ದರು. ಪೆಟ್ಟಿಗೆಗೆ ಜೋಡಿಸಿದ ಸ್ಪೀಕರಿನಲ್ಲಿ ಊರು ನಡೆದಾಡುತ್ತಿತ್ತು.

"ಇದು ಹಳೇ ಬಸ್ ಸ್ಟ್ಯಾಂಡ್," ಎಂದ ವಾಸೀಂ ಅತ್ತಾರ. ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯ ಬಿಟ್ಟು ಪತ್ರಿಕೆಗೆ ಬಂದಿದ್ದ ಭೌತವಿಜ್ಞಾನಿ ಅವನು. "ಈ ಗುಡುಗುಡು ಐತಲ್ಲ, ಅದು ಬಸ್ಸು. ಈ ಟಪಟಪ ಅನ್ನೂದು ಇಳದ ಮಂದಿ. ಒಬ್ಬ ಕುಂಟತಾನ ನೋಡ್ರಿ, ಎಡಗಾಲು ಹಗೂರ ಬೀಳತೈತಿ."

ಮುಖ್ಯ ವರದಿಗಾರ್ತಿ ಇಂದುಮತಿ ಹೊಂಬಳ ಕಣ್ಣು ಮುಚ್ಚಿಕೊಂಡು ಕೇಳಿದಳು. ಇಪ್ಪತ್ತು ವರ್ಷ ಅದೇ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹತ್ತಿ ಸುದ್ದಿ ಹೆಕ್ಕಿದವಳು. ಅದು ಹೀಗೂ ಕೇಳಿಸಬಹುದೆಂದು ಅವಳಿಗೆ ಗೊತ್ತಿರಲಿಲ್ಲ. 

"ಮೈಕ್ ಎಲ್ಲಿ ಇಟ್ಟೀರಿ ವಾಸೀಂ?"

"ಮೈಕ್ ಇಲ್ಲ ಮೇಡಂ. ಗಾಜಿನ ಎಳಿ. ಇಂಟರ್ನೆಟ್ಟಿಗಂತ ಹಳ್ಳಿ ಹಳ್ಳಿಗೆ ರಸ್ತೆ ಬುಡಕ ಕೇಬಲ್ ಹಾಕ್ಯಾರಲ್ಲ, ಅದರಾಗ ಒಂದು ಎಳಿ ಖಾಲಿ ಇತ್ತು. ಅದನ್ನ ಕೇಳಿ ತಗೊಂಡೀವಿ."

ವಿಷಯ ಇಷ್ಟೇ. ತಲೆಗೂದಲಿನಷ್ಟು ತೆಳ್ಳಗಿನ ಆ ಗಾಜಿನೊಳಗೆ ಲೇಸರ್ ಬೆಳಕಿನ ಒಂದು ಮಿಡಿತ ಕಳಿಸಿದರೆ ಬಹುಪಾಲು ಮುಂದಕ್ಕೆ ಓಡುತ್ತದೆ. ಒಂದು ಚೂರು ಮಾತ್ರ ಗಾಜಿನೊಳಗಿನ ಕಣ್ಣಿಗೆ ಕಾಣದ ಏರುಪೇರುಗಳಿಗೆ ತಾಗಿ ಹಿಂದಕ್ಕೆ ಬರುತ್ತದೆ. ಮೇಲಿನ ನೆಲದಲ್ಲಿ ಒಬ್ಬರು ಹೆಜ್ಜೆಯಿಟ್ಟರೂ ಸಾಕು, ಎಳೆ ಅಣುವಿನ ಲೆಕ್ಕದಲ್ಲಿ ಹಿಗ್ಗಿ ಕುಗ್ಗುತ್ತದೆ, ಮರಳಿ ಬರುವ ಬೆಳಕಿನ ಅಲೆ ಅಷ್ಟೇ ಅಲುಗುತ್ತದೆ. ಬೆಳಕು ಮರಳಲು ತೆಗೆದುಕೊಂಡ ಹೊತ್ತಿನಿಂದ ಜಾಗ ಗೊತ್ತಾಗುತ್ತದೆ. ಹೀಗೆ ಜಿಲ್ಲೆಯ ರಸ್ತೆಗಳ ಕೆಳಗೆ ಸುಮ್ಮನೆ ಮಲಗಿದ್ದ ಕೇಬಲ್ಲು ಹತ್ತು ಮೀಟರಿಗೊಂದು ಕಿವಿಯಾಗಿ ಎದ್ದು ಕುಳಿತಿತ್ತು. ಸುದ್ದಿಮನೆಯವರು ಅದಕ್ಕೆ 'ನೆಲಗಿವಿ' ಎಂದು ಹೆಸರಿಟ್ಟರು.

ಸಂಪಾದಕ ಬಸವಪ್ರಭು ಕೊಣ್ಣೂರರು ಮಾತ್ರ ಹಣೆ ಗಂಟಿಕ್ಕಿಕೊಂಡೇ ಕೇಳಿದರು. ಎಲ್ಲ ಮುಗಿದ ಮೇಲೆ ಕನ್ನಡಕ ಒರೆಸುತ್ತ ಎರಡು ಮಾತು ಹೇಳಿದರು.

"ಬಾಳ ಚಲೋ ಅದ. ಆದ್ರ ಒಂದು, ಹಿಂಗ ಮಂದಿ ಹೆಜ್ಜಿ ಕೇಳ್ಕೋತ ಕೂಡೂದು ನಮ್ಮ ಕೆಲಸ ಅಲ್ಲ. ಯಾರ ಮನಿಗೆ ಯಾರು ಹೋದ್ರು ಅನ್ನೂದು ನಮಗ ಬ್ಯಾಡ. ಯಂತ್ರ ಅಷ್ಟ ಕೇಳಲಿ, ಕೇಳಿ ಏನಾಗೇದ ಅಂತ ಹೇಳಲಿ. ಎರಡನೇದು, ಯಂತ್ರ ಹೇಳಿದ್ದು ಸುದ್ದಿ ಅಲ್ಲ. ಹೆಸರಿರೋ ಒಬ್ಬ ಮನಷ್ಯಾ ಹೇಳಬೇಕು. ಅವ ನಮ್ಮ ಯಾರ ಸಂಬಂಧಿನೂ ಆಗಿರಬಾರದು. ಈ ಪೇಪರು ಹುಟ್ಟಿದಾಗಿಂದ ಇದು ನಡಕೊಂಡು ಬಂದದ."

ಯಾರೂ ಎದುರಾಡಲಿಲ್ಲ. ಕೊಣ್ಣೂರರ ತಮ್ಮನ ಅಂಗಡಿಗೆ ಬೆಂಕಿ ಬಿದ್ದಾಗ ಕೂಡ, ಪಕ್ಕದ ಅಂಗಡಿಯವ ಬಾಯಿ ಬಿಡುವವರೆಗೆ ಒಂದು ಸಾಲು ಅಚ್ಚಾಗಿರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು.

ಯಂತ್ರ ಕೇಳಿ ಅರ್ಥ ಮಾಡಿಕೊಳ್ಳಬೇಕಾದರೆ ಅದಕ್ಕೆ ಕಲಿಸಬೇಕಲ್ಲ. ವಾಸೀಂನ ಕಾಲೇಜು ಭೂಕಂಪದ ಅಭ್ಯಾಸಕ್ಕೆಂದು ಇದೇ ಎಳೆಯಿಂದ ಮೂರು ವರ್ಷದ ಕಂಪನಗಳನ್ನು ಕೂಡಿಟ್ಟಿತ್ತು. ಪತ್ರಿಕೆಯ ಬಳಿ ಅದೇ ಮೂರು ವರ್ಷದ ಸುದ್ದಿಯಿತ್ತು. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಎಐಗೆ ಉಣಿಸಿದರು. ಇಂಥ ದಿನ ಇಂಥಲ್ಲಿ ಲಾರಿ ಪಲ್ಟಿಯಾಯಿತೆಂದು ಸುದ್ದಿ ಇದ್ದರೆ ಆ ಹೊತ್ತಿನ ಆ ಕಂಪನಕ್ಕೆ 'ಅಪಘಾತ' ಎಂದು ಹೆಸರು. ಸುದ್ದಿಯಲ್ಲಿ ಮೆರವಣಿಗೆ ಇದ್ದರೆ ಕಂಪನದ ಹೆಸರೂ 'ಮೆರವಣಿಗೆ', ಹೊಸ ಗಿರಣಿಯ ಉದ್ಘಾಟನೆ ಇದ್ದರೆ 'ಯಂತ್ರ'. ಸುದ್ದಿಯೇ ಇಲ್ಲದ ಕಂಪನಕ್ಕೆ 'ಏನೂ ಇಲ್ಲ'. ಕೆಲಸ ಸರಾಗವಾಗಿ ಮುಗಿಯಿತು, ಎಲ್ಲರೂ ಪೇಡೆ ತಿಂದರು.

ಆಮೇಲಿನ ತಿಂಗಳುಗಳನ್ನು ನೆನೆದರೆ ಇಂದುಮತಿಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೆಟಗೇರಿಯಲ್ಲಿ ನೀರಿನ ದೊಡ್ಡ ಪೈಪು ಒಡೆದದ್ದು, ಅಲ್ಲಿಯವರು ಕೊಡ ಹಿಡಿದು ಹೊರಗೆ ಬರುವ ಮೊದಲೇ ಕಚೇರಿಯ ನಕಾಶೆಯಲ್ಲಿ ನೀಲಿ ಚುಕ್ಕೆಯಾಗಿ ಮೂಡಿತು. ವರದಿಗಾರ ಬೈಕಿನಲ್ಲಿ ಹೋಗಿ ಒಬ್ಬರ ಹೆಸರು ಕೇಳಿ ಬರೆದ. ಪತ್ರಿಕೆಯ ಆ್ಯಪಿನಲ್ಲಿ ಸುದ್ದಿ, ವಾಟ್ಸಾಪ್ ಗುಂಪುಗಳಲ್ಲಿ ಸುದ್ದಿ. ಘಾಟಿನ ತಿರುವಿನಲ್ಲಿ ಕಾರು ಉರುಳಿದ ಮರುಗಳಿಗೆಗೆ ಆಂಬುಲೆನ್ಸಿಗೆ ಫೋನು ಹೋಗಿ ಇಬ್ಬರು ಬದುಕಿದರು. ಜನರಿಗೂ ಬೇಗ ರೂಢಿಯಾಯಿತು. "ನಿಮ್ಮ ನೆಲಗಿವಿಗೆ ಕೇಳಿಸ್ತೇನ್ರಿ?" ಎಂದು ಮದುವೆಮನೆಯ ಬ್ಯಾಂಡಿನವರು ಫೋನು ಮಾಡಿ ತಮ್ಮ ಡೊಳ್ಳಿನ ಜೋರು ವಿಚಾರಿಸಿದರು. ಗಂಡ ಎಲ್ಲಿ ಹೋಗುತ್ತಾನೆ ಹೇಳಿ ಎಂದು ಕೇಳಿದ ಹೆಂಗಸರಿಗೆ ಸಂಪಾದಕರೇ ಫೋನು ತೆಗೆದುಕೊಂಡು ನೀತಿ ಹೇಳಿದರು. ಆ್ಯಪಿನ ನಕಾಶೆ ನೋಡದೆ ಯಾರೂ ಮನೆ ಬಿಡುತ್ತಿರಲಿಲ್ಲ. 'ಏನೂ ಇಲ್ಲ' ಎಂದಿದ್ದರೆ ಆ ದಾರಿ ನಿಶ್ಚಿಂತೆ.

*

ಒಂದು ಭಾನುವಾರ ಇಂದುಮತಿ ಅಕ್ಕನ ಊರು ಹೊನ್ನಿಗನೂರಿಗೆ ಹೋದಳು. ಅಕ್ಕ ಕಸ್ತೂರಿಯ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಊರಿನ ಮೇಲ್ತುದಿಯ ಗುಡ್ಡದ ಓಣಿಯಲ್ಲಿ ಅವಳು ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಮಾಡಿ ಹುಬ್ಬಳ್ಳಿಯ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ರೊಟ್ಟಿ ಬಡಿದು ಬಡಿದೇ ಮನೆ ಕಟ್ಟಿದ್ದಳು. ಮುಂದೆ ತಗಡಿನ ಶೆಡ್ಡು, ಹಿಂದೆ ಎರಡು ಕೋಣೆ, ಮೇಲೆ ಆರ್‌ಸಿಸಿ.

"ದಾರಿ ತಪ್ಪಿ ಬಂದೀಯೇನವಾ ಇಂದಿ?"

"ರೊಟ್ಟಿ ತಿನ್ನಾಕ ಬಂದೀನಿ ಅಕ್ಕಾ."

"ರೊಟ್ಟಿ ನೆನಪಾದ್ರ ಅಕ್ಕ ನೆನಪಾಗತಾಳ. ಕೂಡು."

ಶೆಡ್ಡಿನಲ್ಲಿ ಹತ್ತಾರು ಹೆಂಗಸರು ಸಾಲಾಗಿ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಅಂಗೈ ಹಿಟ್ಟಿಗೆ ಬೀಳುವ ಸದ್ದು ಒಬ್ಬರದು ಇನ್ನೊಬ್ಬರದಕ್ಕೆ ಹೆಣೆದುಕೊಂಡು, ಮಾತು ನಿಂತಾಗ ಒಂದೇ ಲಯಕ್ಕೆ ಬರುತ್ತಿತ್ತು. ಎದುರುಮನೆಯ ಹುಸೇನಬಿ ಕೈ ನಿಲ್ಲಿಸದೆಯೇ ತಲೆಯೆತ್ತಿದಳು.

"ಪೇಪರಿನಾಕಿ ಬಂದಾಳ ಅಂದ್ರ ಕೇಳೇ ಬಿಡತೀನಿ. ನಮ್ಮ ಓಣಿ ಹೆಸರ ಯಾವಾಗ ಹಾಕ್ತೀರಿ? ನನ್ನ ಲಗ್ನ ಆಗಿ ಈ ಓಣಿಗೆ ಬಂದಾಗಿಂದ ಒಮ್ಮೆನೂ ನೋಡಿಲ್ಲ."

"ಹಾಕೂದಿಲ್ಲ," ಎಂದಳು ಕಸ್ತೂರಿ. "ನಾನೂ ಕೇಳಿ ಕೇಳಿ ಬಿಟ್ಟೀನಿ. ಒಮ್ಮೆ ಪೇಪರಿನಾಗ ನನ್ನ ಹೆಸರ ನೋಡಿ ಸಾಯಬೇಕಂತ ಆಸೆ. ನನ್ನ ತಂಗಿ, ಸತ್ತವರ ಸುದ್ದಿ ಹಾಕೂ ಕಾಲಂನಾಗಾರ ಹಾಕಿದ್ರ ಪುಣ್ಯ."

ಎಲ್ಲರೂ ನಕ್ಕರು, ಇಂದುಮತಿಯೂ ನಕ್ಕಳು. ಸುದ್ದಿ ಬರದಿದ್ದುದಕ್ಕೆ ಕಾರಣ ಅವಳಿಗೆ ಗೊತ್ತಿತ್ತು. ಹೊನ್ನಿಗನೂರು ಎರಡು ತಾಲ್ಲೂಕಿನ ಗಡಿಯಲ್ಲಿದೆ. ಅತ್ತಲಿನ ಅರೆಕಾಲಿಕ ವರದಿಗಾರ ಅದು ಇತ್ತಲಿನವನ ಏರಿಯಾ ಎನ್ನುತ್ತಾನೆ, ಇತ್ತಲಿನವ ಅತ್ತ ಕೈ ತೋರಿಸುತ್ತಾನೆ. ಎಲ್ಲ ಪತ್ರಿಕೆಗಳಲ್ಲೂ ಇಂಥ ಊರುಗಳಿರುತ್ತವೆ, ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ.

ಅಕ್ಕನನ್ನು ಸಮಾಧಾನ ಮಾಡೋಣವೆಂದು ಅವಳು ಆ್ಯಪ್ ತೆರೆದು ನಕಾಶೆ ತೋರಿಸಿದಳು. "ಇಲ್ಲಿ ನೋಡು, ನಿಮ್ಮ ಓಣಿನೂ ಐತಿ. ಕೇಬಲ್ ನಿಮ್ಮ ಗಟಾರದ ಬದಿಗೇ ಹೋಗೇತಿ."

ಗುಡ್ಡದ ಓಣಿಯ ಮೇಲೆ ತಿಳಿಬೂದಿ ಬಣ್ಣವಿತ್ತು. ಒತ್ತಿದರೆ ಬಂದ ಅಕ್ಷರ: ಏನೂ ಇಲ್ಲ.

"ಹೌದು ತಗೋ," ಎಂದಳು ಕಸ್ತೂರಿ. "ನಾವು ಇಷ್ಟು ಮಂದಿ ದುಡದು ಸಾಯಾಕತ್ತೀವಿ, ಏನೂ ಇಲ್ಲಂತ."

ಅದೇ ಹೊತ್ತಿಗೆ ಓಣಿಯಲ್ಲಿ ಹಿಟ್ಟಿನ ಗಿರಣಿ ಚಾಲೂ ಆಯಿತು. ಜೋಳದ ಚೀಲ ಹೇರಿದ ಟ್ರ್ಯಾಕ್ಟರು ಅಂಗಳ ಅದುರಿಸಿ ಹೋಯಿತು. ಇಂದುಮತಿ ಫೋನು ನೋಡಿದಳು. ಬೂದಿ ಬಣ್ಣ ಅಲುಗಲಿಲ್ಲ. ಗದಗಿನಲ್ಲಿ ಒಂದು ಗಿರಣಿ ಸದ್ದು ಮಾಡಿದರೆ 'ಯಂತ್ರ' ಎಂದು ತೋರಿಸುವ ನೆಲಗಿವಿಗೆ ಇದು ಕೇಳಿಸಲೇ ಇಲ್ಲವೇ? ಅವಳ ನಗು ಅಲ್ಲಿಗೆ ನಿಂತಿತು. ರೊಟ್ಟಿ ಅರ್ಧಕ್ಕೇ ಬಿಟ್ಟಿದ್ದಕ್ಕೆ ಅಕ್ಕ ಬೈದಳು.

*

ಮರುದಿನ ನಿಯಂತ್ರಣ ಕೊಠಡಿಯಲ್ಲಿ ವಾಸೀಂ ಅವಳ ಮಾತು ಪೂರಾ ಕೇಳಿ, ಹೊನ್ನಿಗನೂರಿನ ಹಳೆಯ ದಾಖಲೆಯನ್ನು ಪರದೆಗೆ ತಂದು ನೋಡಿದ. ಆಮೇಲೆ ಕುರ್ಚಿ ತಿರುಗಿಸಿದ.

"ಮೇಡಂ, ನಾವು ಇದಕ್ಕ ಪೇಪರ ಓದಿಸಿ ಕಲಿಸೀವಿ."

"ಹೌದು, ಅದಕ್ಕೇನಾತು?"

"ಪೇಪರಿನಾಗ ಹೊನ್ನಿಗನೂರ ಇಲ್ಲ. ಮೂರು ವರ್ಷದಾಗ ಒಂದು ಸುದ್ದಿ ಇಲ್ಲ. ಅಲ್ಲಿಂದ ಬಂದ ಎಲ್ಲಾ ಕಂಪನಕ್ಕೂ ನಾವ 'ಏನೂ ಇಲ್ಲ' ಅಂತ ಹೆಸರಿಟ್ಟೀವಿ. ಇದು ಕೇಳತೈತಿ ಮೇಡಂ, ಎಲ್ಲಾ ಕೇಳತೈತಿ. ಅಲ್ಲಿ ಏನ ಕೇಳಿದ್ರೂ ಅದು ಏನೂ ಅಲ್ಲ ಅಂತ ನಾವ ಹೇಳಿಕೊಟ್ಟೀವಿ."

ಇಂದುಮತಿ ಗೋಡೆಯ ಮೇಲಿನ ದೊಡ್ಡ ನಕಾಶೆಯನ್ನು ಮೊದಲ ಬಾರಿ ನೋಡಿದವಳಂತೆ ನೋಡಿದಳು. ಬಣ್ಣದ ಚುಕ್ಕೆಗಳು ಇದ್ದದ್ದೆಲ್ಲ ವರದಿಗಾರರ ಮನೆಗಳ ಸುತ್ತ, ತಾಲ್ಲೂಕು ಕಚೇರಿಗಳ ಸುತ್ತ, ಹೆದ್ದಾರಿಯ ಉದ್ದಕ್ಕೆ. ಉಳಿದದ್ದು ಬೂದಿ. ಜಿಲ್ಲೆ ಎಷ್ಟು ಶಾಂತವಾಗಿದೆ ಎಂದು ಅವಳೇ ಎಷ್ಟೋ ಸಲ ಮೆಚ್ಚಿಕೊಂಡಿದ್ದಳು.

"ನಾವ ಕಿವಿಯಿಂದ ಕೇಳಬೌದೇನ, ಯಂತ್ರ ಬಿಟ್ಟು?"

"ಸಂಪಾದಕರು ಬ್ಯಾಡಂದಾರಲ್ರಿ."

ಇಂದುಮತಿ ಅಕ್ಕನಿಗೆ ಫೋನು ಹಚ್ಚಿ, ನಿಮ್ಮ ಓಣಿಯ ಸದ್ದು ಕೇಳಲು ಒಪ್ಪಿಗೆಯೇ ಎಂದಳು. ಓಣಿಯವರನ್ನೆಲ್ಲ ಕೇಳಿ ಹೇಳುತ್ತೇನೆಂದು ಕಸ್ತೂರಿ ಫೋನು ಇಟ್ಟಳು. ತುಸು ಹೊತ್ತಿಗೆ ಅವಳೇ ಫೋನು ಮಾಡಿ, "ಕೇಳ್ರಿ ಕೇಳ್ರಿ, ನಮ್ಮ ಸಪ್ಪಳ ಕೇಳೂ ಮಂದಿ ಎಲ್ಲಿ ಅದಾರ," ಎಂದಳು. ಸಂಪಾದಕರೂ ಒಪ್ಪಿ, ತಾವೇ ಬಂದು ಹಿಂದೆ ನಿಂತರು.

ನೆಲದ ಕಂಪನ ನಮ್ಮ ಕಿವಿಗೆ ತೀರ ಮಂದ್ರ. ವಾಸೀಂ ಅದರ ಸ್ವರವನ್ನು ಕಿವಿಗೆ ಕೇಳುವಷ್ಟು ಮೇಲಕ್ಕೆ ಏರಿಸಿದ. ಮೊದಲು ಮರಳು ಜರಡಿ ಹಿಡಿದಂಥ ಒಂದು ಗದ್ದಲ. ಅದರೊಳಗಿಂದ ಮೆಲ್ಲಗೆ ಒಂದು ತಾಳ ಎದ್ದಿತು. ಚಿಟಿಚಿಟಿ ಎಂಬ ಸಣ್ಣ, ಗುಂಪುಗುಂಪಾದ ತಾಳ. ಒಬ್ಬರು ನಿಂತರೆ ಇನ್ನೊಬ್ಬರು, ಅವರು ನಿಂತರೆ ಮತ್ತೊಬ್ಬರು.

"ಇದೇನು, ಮಳಿಯೇನು?" ಎಂದರು ಕೊಣ್ಣೂರರು.

"ರೊಟ್ಟಿ ಸರ್," ಎಂದಳು ಇಂದುಮತಿ. "ನಮ್ಮ ಅಕ್ಕ ರೊಟ್ಟಿ ಬಡಿಯಾಕತ್ತಾಳ."

ಹೆಂಗಸಿನ ಅಂಗೈ ಹಿಟ್ಟಿಗೆ ತಾಗಿ, ಕಲ್ಲಿಗಿಳಿದು, ನೆಲಕ್ಕಿಳಿದು, ಗಾಜಿನ ಎಳೆಯೊಂದನ್ನು ಅಲುಗಿಸಿ, ಬೆಳಕಾಗಿ ಇಷ್ಟು ದೂರ ಓಡಿ ಬಂದು ಈ ಕೋಣೆಯಲ್ಲಿ ಕೇಳಿಸುತ್ತಿದೆ. ಮೂರು ವರ್ಷ ಹೀಗೇ ಬರುತ್ತಿತ್ತು. ಮೂವರೂ ಕುರ್ಚಿ ಎಳೆದುಕೊಂಡು ಕೇಳುತ್ತ ಕುಳಿತರು.

ಮಧ್ಯಾಹ್ನ ರೊಟ್ಟಿ ನಿಂತಿತು, ಹೆಂಗಸರು ಉಣ್ಣಲು ಎದ್ದಿರಬೇಕು. ಆಗ ಅದರ ಅಡಿಯಲ್ಲಿದ್ದ ಇನ್ನೊಂದು ಸದ್ದು ಕೇಳಿತು. ಟಕ್. ಬಹಳ ಹೊತ್ತು ಬಿಟ್ಟು ಇನ್ನೆರಡು. ಒಣಗಿದ ಕಟ್ಟಿಗೆ ಮುರಿದ ಹಾಗೆ, ಆದರೆ ಆಳದಿಂದ.

ವಾಸೀಂ ಮೂರು ವರ್ಷದ ದಾಖಲೆ ತೆಗೆದು ಆ ಟಕ್ಕುಗಳನ್ನಷ್ಟೇ ಹೆಕ್ಕಿ ಪರದೆಗೆ ಹಾಕಿದ. ಮೊದಲ ವರ್ಷ ಅಲ್ಲೊಂದು ಇಲ್ಲೊಂದು. ಎರಡನೆಯ ವರ್ಷ ಒಂದು ಸಾಲು. ಈ ವರ್ಷ ಆ ಸಾಲು ದಪ್ಪವಾಗಿ, ಮೇಲಕ್ಕೆ ಏರಿ, ಗುಡ್ಡದ ಓಣಿಯ ಕೆಳಗೆ ದೋಣಿಯ ಆಕಾರಕ್ಕೆ ನಿಂತಿತ್ತು. ಅವನು ಕೊಣ್ಣೂರರ ಕಡೆ ತಿರುಗಿದ.

"ಸರ್, ಆ ಗುಡ್ಡದಾಗ ಬ್ರಿಟಿಷರ ಕಾಲದಾಗ ಬಂಗಾರ ಹುಡುಕಿ ಸುರಂಗ ಹೊಡದಿದ್ರು ಅಂತಾರಲ್ಲ. ಅದರಾಗ ನೀರು ನಿಂತಿತ್ತು. ನೀರು ಸುರಂಗದ ಮ್ಯಾಲಿನ ಛತ್ತು ಹಿಡಕೊಂಡಿತ್ತು. ಈಗ ಸುತ್ತ ಬೋರ್‌ವೆಲ್ ಆದುವು, ನೀರು ಇಳೀತು. ಛತ್ತು ಒಂದೊಂದ ಪದರ ಬೀಳಾಕತ್ತೈತಿ. ಟೊಳ್ಳು ಮೇಲೆ ಬರಾಕತ್ತೈತಿ."

"ಯಾವಾಗ ಬೀಳತದ?"

"ಹೇಳಾಕ ಆಗೂದಿಲ್ರಿ. ವಾರ ಆಗಬೌದು, ನಾಳೆ ಆಗಬೌದು."

*

ಅಧಿಕಾರಿಗಳಿಗೆ ಫೋನು ಮಾಡಿದರೆ, ಅರ್ಜಿ ಕೊಡಿ, ತಜ್ಞರ ತಂಡ ಬಂದು ಸರ್ವೆ ಮಾಡಬೇಕು, ಮುಂದಿನ ತಿಂಗಳು ನೋಡೋಣ ಎಂದರು. ಇಂದುಮತಿ ಸಂಪಾದಕರ ಮೇಜಿನ ಮುಂದೆ ಕುಳಿತಳು.

"ಸರ್, ಈಗಿಂದೀಗ ಆ್ಯಪಿನಾಗ ಹಾಕೂಣು. ಓಣಿ ಬಿಡ್ರಿ ಅಂತ."

"ಯಾರು ಹೇಳಿದ್ರಂತ ಹಾಕ್ತಿ?"

"ಅಕ್ಕ ಅದಾಳ ಅಲ್ಲಿ."

"ಅಕ್ಕ ಸಂಬಂಧಿ," ಎಂದರು ಕೊಣ್ಣೂರರು, ಮೆತ್ತಗೆ. "ಸಿಟ್ಟಾಗಬ್ಯಾಡ ಇಂದುಮತಿ. ನಾವು ಹಾಕಿ, ಮಂದಿ ಬಿಟ್ಟು ಹೋಗಿ, ಒಂದು ವಾರ ಏನೂ ಆಗಲಿಲ್ಲಂದ್ರ ತಿರುಗಿ ಬರ್ತಾರ. ಎರಡನೇ ಸಲ ನಮ್ಮ ಮಾತಿಗೆ ಯಾರೂ ಏಳೂದಿಲ್ಲ. ಅವಾಗ ಬೀಳತದ. ಅವರು ನಂಬೂ ಹಂಗ ಹೇಳು, ಅಷ್ಟ ನಾ ಕೇಳೂದು."

ಇಂದುಮತಿ ಸಿಟ್ಟಾದಳು, ಆದರೆ ಸಿಟ್ಟು ಅಕ್ಕನ ಫೋನಿನಲ್ಲಿ ಇಳಿದುಹೋಯಿತು. ಯಾಕೆಂದರೆ ಅಕ್ಕ ಕೇಳಿದ್ದೂ ಅದನ್ನೇ.

"ನಿನ್ನೆ ನಿಮ್ಮ ಯಂತ್ರ ಏನೂ ಇಲ್ಲ ಅಂತು. ಇವತ್ತ ಮನಿ ಬೀಳತೈತಿ ಅನ್ನತೈತಿ. ಯಾವುದನ್ನ ನಂಬಲಿ ಇಂದಿ? ರೊಟ್ಟಿ ಬಡದು ಕಟ್ಟಿದ ಮನಿ ಇದು. ನಿನ್ನ ಫೋನಿನ ಮಾತ ಕೇಳಿ ಬಿಟ್ಟು ಎದ್ದು ಹೋಗಂದ್ರ ಹೆಂಗ?"

"ನಾ ಹೇಳಿದ್ರೂ ಬರೂದಿಲ್ಲೇನ?"

"ನೀ ಕರದ್ರ ಹಬ್ಬಕ್ಕ ಬರತೀನಿ. ಮನಿ ಬಿಟ್ಟು ಬರಾಕ ನಾ ಕಣ್ಣಲೆ ನೋಡಬೇಕು, ಕಿವಿಲೆ ಕೇಳಬೇಕು."

ಆ ಸಂಜೆ ಮನೆಯಲ್ಲಿ ಇಂದುಮತಿ ಸಾರಿಗೆ ಒಗ್ಗರಣೆ ಹಾಕುತ್ತ ನಿಂತವಳು ಒಗ್ಗರಣೆ ಸೀದುಹೋಗಲು ಬಿಟ್ಟಳು. ಕಿವಿಯಿಂದ ಕೇಳಬೇಕು ಎಂದಿದ್ದಳಲ್ಲ ಅಕ್ಕ. ಸದ್ದು ಬರುತ್ತಿರುವುದು ಅವಳ ನೆಲದಿಂದ, ಹೋಗುತ್ತಿರುವುದು ಇವರ ಕೋಣೆಗೆ. ತಿರುಗಿ ಅವಳಿಗೇ ಕಳಿಸಿದರೆ? ಒಲೆ ಆರಿಸಿ ವಾಸೀಂಗೆ ಫೋನು ಹಚ್ಚಿದಳು.

"ಆಗತೈತಿ ಮೇಡಂ," ಎಂದ ಅವನು. "ಅವರು ನೆಲ ಗುದ್ದಲಿ. ಗುದ್ದಿದ್ದು ಕೆಳಗ ಹೋಗಿ ಟೊಳ್ಳಿಗೆ ತಾಗಿ ಬಂದ ಸಪ್ಪಳಾನ ಎತ್ತರಿಸಿ ಅವರ ಫೋನಿಗೇ ಬಿಡತೀನಿ. ಗಟ್ಟಿ ನೆಲ ಒಂದು ನಮೂನಿ ಅಂತೈತಿ, ಟೊಳ್ಳು ಒಂದು ನಮೂನಿ."

*

ಬೆಳಿಗ್ಗೆ ಗುಡ್ಡದ ಓಣಿಯಲ್ಲಿ ಜಾತ್ರೆಯಷ್ಟು ಜನ. ಇಂದುಮತಿ ಪತ್ರಿಕೆಯ ಲೈವ್ ಹಚ್ಚಿದಳು. ಗದಗಿನಲ್ಲಿ ವಾಸೀಂ ಪೆಟ್ಟಿಗೆಯ ಮುಂದೆ, ಕೊಣ್ಣೂರರು ಅವನ ಬೆನ್ನ ಹಿಂದೆ. ಭಜನೆಗೆ ತಂದಿಟ್ಟಿದ್ದ ದೊಡ್ಡ ಸ್ಪೀಕರನ್ನು ಓಣಿಯವರೇ ಹೊರಗೆ ತಂದು ಅವಳ ಫೋನಿಗೆ ಜೋಡಿಸಿದರು. ಒಂದೊಂದು ಮನೆಯವರು ಹೊಸ್ತಿಲ ಮುಂದೆ ಒನಕೆಯಿಂದ ಒಂದೇ ಏಟು ಹಾಕುವುದು, ಉಳಿದವರೆಲ್ಲ ಕಾಲು ಅಲುಗಿಸದೆ ನಿಲ್ಲುವುದು ಎಂದು ಮಾತಾಯಿತು. ಒನಕೆ ಇದ್ದದ್ದು ಒಂದೇ ಮನೆಯಲ್ಲಿ, ಅದೇ ಕೈಯಿಂದ ಕೈಗೆ ನಡೆಯಿತು.

ಕೆಳತುದಿಯ ಮನೆಯವರು ಗುದ್ದಿದರು. ಕೆಲವು ಕ್ಷಣ ಬಿಟ್ಟು ಸ್ಪೀಕರು ಹೇಳಿತು: ಧಪ್. ಅಷ್ಟೇ, ಗಿಡ್ಡನೆಯ ಸದ್ದು. ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ತಮ್ಮ ನೆಲ ಮಾತಾಡಿದ್ದನ್ನು ಅವರು ಮೊದಲ ಸಲ ಕೇಳುತ್ತಿದ್ದರು. ಮುಂದಿನ ಮನೆ, ಧಪ್. ಅದರ ಮುಂದಿನದು, ಧಪ್. ಮೇಲೆ ಹೋದ ಹಾಗೆ ಸದ್ದಿಗೆ ಒಂದು ಬಾಲ ಬೆಳೆಯಿತು. ಹುಸೇನಬಿಯ ಮನೆಯ ಮುಂದೆ ಅದು ಧಪ್ ಎಂದು, ಆಮೇಲೆ ಊಂ ಎಂದು ಉದ್ದಕ್ಕೆ ಎಳೆಯಿತು.

"ಖಾಲಿ ಹಗೇವಿನಾಗ ಕೂಗಿದಂಗಾತಲ್ಲ," ಎಂದಿತು ಹಿಂದಿನಿಂದ ಒಂದು ದನಿ. ನೆಲದೊಳಗೆ ಜೋಳ ಹೂಳಿಡುತ್ತಿದ್ದ ಹಗೇವು ಗೊತ್ತಿದ್ದ ಮಂದಿ ಅದು. ಆಮೇಲೆ ಯಾರೂ ನಗಲಿಲ್ಲ.

ಒನಕೆ ಕಸ್ತೂರಿಯ ಕೈಗೆ ಬಂತು. ಅವಳು ಸೆರಗು ಸಿಕ್ಕಿಸಿ, ತಾನು ಕಟ್ಟಿದ ಮನೆಯ ಹೊಸ್ತಿಲನ್ನು ಒಮ್ಮೆ ನೋಡಿ, ಗುದ್ದಿದಳು.

ಸ್ಪೀಕರಿನಿಂದ ಬಂದದ್ದು ಸದ್ದಲ್ಲ, ಒಂದು ದೊಡ್ಡ ಜಾಗ. ಗುದ್ದು ಕೆಳಗಿಳಿದು, ಎಲ್ಲೋ ಗೋಡೆಗೆ ತಾಗಿ, ಇನ್ನೊಂದು ಗೋಡೆಗೆ ತಾಗಿ, ತಿರುಗಿ ತಿರುಗಿ ಬರುತ್ತಲೇ ಇತ್ತು. ತಮ್ಮ ಕಾಲ ಕೆಳಗೆ ಇನ್ನೊಂದು ಓಣಿಯಷ್ಟು ಕತ್ತಲೆ ಇದೆಯೆಂದು, ಅದರ ಮೇಲೆ ತಾವು ಲಗ್ನವಾಗಿ, ಹಡೆದು, ರೊಟ್ಟಿ ಬಡಿದಿದ್ದೇವೆಂದು ಓಣಿಯವರಿಗೆ ಒಮ್ಮೆಲೇ ತಿಳಿಯಿತು. ಗುದ್ದು ಅಡಗುತ್ತಿದ್ದ ಹಾಗೆ, ಯಾರೂ ಗುದ್ದದೆಯೇ, ಆಳದಲ್ಲಿ ಒಂದು ಟಕ್ ಆಯಿತು.

ಕಸ್ತೂರಿ ಮಂಡಿಯೂರಿ ಕುಳಿತು ನೆಲಕ್ಕೆ ಅಂಗೈ ಇಟ್ಟಳು. ಹಸುಳೆಗೆ ಜ್ವರ ನೋಡುವ ಹಾಗೆ ತುಸು ಹೊತ್ತು ಹಾಗೇ ಇದ್ದಳು.

"ಇಷ್ಟ ದಿನಾ ಹೇಳಾಕತ್ತಿತ್ತೇನ ಇದು?"

"ಹೇಳಾಕತ್ತಿತ್ತು ಅಕ್ಕಾ. ನಾವ ಬರಕೊಳ್ಳಲಿಲ್ಲ."

ಕಸ್ತೂರಿ ಎದ್ದು ಫೋನಿನ ಮುಂದೆ ಬಂದಳು. ಬಾಯಿ ತೆರೆದವಳು ಏನೋ ನೆನಪಾಗಿ ಮುಚ್ಚಿದಳು. "ನಾ ಹೇಳಿದ್ರ ನಡಿಯೂದಿಲ್ಲ ಹೌದಿಲ್ಲೋ? ನೀ ನನ್ನ ತಂಗಿ. ಹುಸೇನಬಿ, ನೀ ಹೇಳ ಬಾರವಾ."

"ನನ್ನ ಹೆಸರು ಹುಸೇನಬಿ ನದಾಫ," ಎಂದಳು ಆಕೆ, ಫೋನನ್ನು ನೇರ ನೋಡುತ್ತ. "ಗುಡ್ಡದ ಓಣಿ. ನನ್ನ ಮನಿ ಬುಡಕ ಟೊಳ್ಳು ಐತಿ. ನಾ ಕೇಳೀನಿ." ಅವಳ ಹಿಂದೆ ಗಿರಣಿಯ ಫಕ್ಕೀರಪ್ಪ ಬಂದ, ಅವನ ಹಿಂದೆ ಅವನ ಸೊಸೆ. ಆಮೇಲೆ ಮನೆ ಮನೆಯವರೂ ಸಾಲಾಗಿ ನಿಂತು ತಮ್ಮ ಹೆಸರು ಹೇಳಿ, "ನಾ ಕೇಳೀನಿ" ಎಂದರು. ಕಸ್ತೂರಿ ಪಕ್ಕಕ್ಕೆ ಸರಿದು ಎಲ್ಲರಿಗೂ ಜಾಗ ಮಾಡಿಕೊಟ್ಟಳು.

ಗದಗಿನಿಂದ ಕೊಣ್ಣೂರರ ದನಿ ಬಂತು. "ಇಂದುಮತಿ, ಸಾಕು. ಬರಿ."

ಸುದ್ದಿ ಹೋಯಿತು. ಒಪ್ಪೊತ್ತಿನೊಳಗೆ ಓಣಿ ಖಾಲಿಯಾಗಿ, ಊರಿನ ಇನ್ನೊಂದು ತುದಿಯ ಶಾಲೆ ತುಂಬಿತು. ಲೈವ್ ನೋಡಿದ್ದ ಅಧಿಕಾರಿಗಳು ಮುಂದಿನ ತಿಂಗಳನ್ನು ಮರೆತು ಅಂದೇ ಜೀಪಿನಲ್ಲಿ ಬಂದರು. ಹೆಂಗಸರು ತಲೆಯ ಮೇಲೆ ರೊಟ್ಟಿ ಬೇಯಿಸುವ ಹಂಚು, ಕಂಕುಳಲ್ಲಿ ಹಿಟ್ಟಿನ ಡಬ್ಬಿ ಹೊತ್ತು ನಡೆದರು. ಕಸ್ತೂರಿ ಬಾಗಿಲಿಗೆ ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತಿರುಗಿ ನೋಡದೆ ಬಂದಳು.

ಮರುದಿನ ಮಧ್ಯಾಹ್ನ ಓಣಿ ಕುಸಿಯಿತು. ಬಹಳ ಗದ್ದಲವೇನೂ ಆಗಲಿಲ್ಲ. ಶಾಲೆಯ ಅಂಗಳದಲ್ಲಿದ್ದವರಿಗೆ ಕಾಲ ಕೆಳಗೆ ಒಂದು ನಡುಕ, ಆಮೇಲೆ ಗುಡ್ಡದ ಕಡೆ ಕೆಂಪು ಧೂಳಿನ ಗೋಡೆ. ಧೂಳು ಇಳಿದಾಗ ಕಂಡದ್ದು ದೊಡ್ಡ ಕೆರೆಯಷ್ಟು ಅಗಲದ ಬಾಯಿ. ಅದರ ಅಂಚಿನಲ್ಲಿ ಗಿರಣಿಯ ಒಂದು ಗೋಡೆ ಮಾತ್ರ ನಿಂತಿತ್ತು. ತಳ ಕಾಣಲಿಲ್ಲ. ಒಬ್ಬರೂ ಸಾಯಲಿಲ್ಲ. ಕಸ್ತೂರಿ ಸೊಂಟದ ಕೀಲಿಯನ್ನು ಹಿಡಿದುಕೊಂಡು ನಿಂತಿದ್ದಳು.

ಇಂದುಮತಿ ಫೋನು ತೆಗೆದು ನಕಾಶೆ ನೋಡಿದಳು. ಓಣಿ ನೆಲದೊಳಗೆ ಹೋಗಿತ್ತು. ಕೇಬಲ್ಲು ತುಂಡಾಗುವ ಮೊದಲು ಅದನ್ನೆಲ್ಲ ಕೇಳಿ ಗದಗಿಗೆ ಕಳಿಸಿತ್ತು. ಆ ಹೊತ್ತಿಗೆ ನೆಲಗಿವಿ ಬರೆದದ್ದು: ಏನೂ ಇಲ್ಲ.

*

ಪತ್ರಿಕೆಯ ಮುಖಪುಟದಲ್ಲಿ ಆ ಸುದ್ದಿ ಬರೆದವರ ಹೆಸರಿನ ಜಾಗದಲ್ಲಿ ಇಂದುಮತಿಯ ಹೆಸರಿರಲಿಲ್ಲ. ಓಣಿಯವರ ಹೆಸರುಗಳಿದ್ದವು, ಹುಸೇನಬಿಯಿಂದ ಹಿಡಿದು ಎಲ್ಲರದೂ. ಹೊನ್ನಿಗನೂರಿನ ಶಾಲೆಯ ವರಾಂಡದಲ್ಲಿ ಹೆಂಗಸರು ಪತ್ರಿಕೆ ಹರವಿಕೊಂಡು ಬೆರಳಿಟ್ಟು ತಂತಮ್ಮ ಹೆಸರು ಹುಡುಕಿದರು. ಕಸ್ತೂರಿಯೂ ಹುಡುಕಿದಳು, ಗೊತ್ತಿದ್ದೂ.

"ಎಲ್ಲಾರದೂ ಐತಿ," ಎಂದಳು ತಂಗಿಗೆ. "ನಂದೊಂದ ಇಲ್ಲ."

"ಪದ್ಧತಿ ಅಕ್ಕಾ."

"ಇರಲಿ ಬಿಡು. ಮಂದಿ ಉಳದ್ರಲ್ಲ." ಅಷ್ಟು ಹೇಳಿ, ಮುಖ ತಿರುಗಿಸಿ, ಹಂಚಿನ ಮುಂದೆ ಕುಳಿತಳು.

ಆ ವಾರ ಸುದ್ದಿಮನೆಯಲ್ಲಿ ದೊಡ್ಡ ಕೆಲಸ ನಡೆಯಿತು. ಇಂದುಮತಿಯ ಮಾತಿನಂತೆ ವಾಸೀಂ ಯಂತ್ರದಿಂದ 'ಏನೂ ಇಲ್ಲ' ಎಂಬ ಹೆಸರನ್ನೇ ಅಳಿಸಿದ. ಅದರ ಜಾಗಕ್ಕೆ ಅವಳು ಹೇಳಿದ ಎರಡು ಶಬ್ದ ಹಾಕಿದ. ಇನ್ನು ಮೇಲೆ ಪತ್ರಿಕೆ ಓದಿಸಿ ಕಲಿಸುವುದಿಲ್ಲ. ಊರೂರಿಗೆ ಹೋಗಿ, ಅಲ್ಲಿಯವರನ್ನು ಕೇಳಿ, ಅವರು ಒಪ್ಪಿದ ಸದ್ದಿಗೆ ಅವರೇ ಇಟ್ಟ ಹೆಸರನ್ನು ಕಲಿಸುವುದೆಂದು ಠರಾವಾಯಿತು. ಗುಂಡಿ ಒತ್ತಿದಾಗ ಗೋಡೆಯ ನಕಾಶೆಯ ಬೂದಿ ಬಣ್ಣದ ಮೇಲೆಲ್ಲ, ಗಡಿಯಿಂದ ಗಡಿಗೆ, ಹಳ್ಳಿಹಳ್ಳಿಯ ಮೇಲೂ ಒಂದೇ ಬರಹ ಮೂಡಿತು: ಇನ್ನೂ ಹೋಗಿಲ್ಲ. ಇನ್ನೂ ಹೋಗಿಲ್ಲ. ಇನ್ನೂ ಹೋಗಿಲ್ಲ. ಜಿಲ್ಲೆ ಅಷ್ಟು ದೊಡ್ಡದೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಕೊಣ್ಣೂರರು ಕನ್ನಡಕ ತೆಗೆದು, ಒರೆಸಿ ಹಾಕಿಕೊಂಡು ಮತ್ತೆ ನೋಡಿದರು.

"ಎಲ್ಲಿಂದ ಸುರು ಮಾಡ್ತಿ?"

"ಸುರು ಆಗೇತಿ ಸರ್," ಎಂದಳು ಇಂದುಮತಿ.

ಹೊನ್ನಿಗನೂರಿನ ಶಾಲೆಗೂ ಕೇಬಲ್ಲು ಬೇರೆ ದಾರಿಯಿಂದ ಬಂದಿತ್ತು. ಅಕ್ಕನನ್ನು ಕೇಳಿ, ಅವಳ ಒಪ್ಪಿಗೆ ಪಡೆದು, ಹೊಸ ಯಂತ್ರಕ್ಕೆ ಒಂದೇ ಒಂದು ಸದ್ದನ್ನು ಇಂದುಮತಿ ಬೆಳಿಗ್ಗೆ ಕಲಿಸಿ ಬಂದಿದ್ದಳು. ಬೂದಿ ಬಣ್ಣದ ನಡುವೆ, ಎರಡು ತಾಲ್ಲೂಕಿನ ಗಡಿಯಲ್ಲಿ, ಒಂದು ಕೆಂಪು ಚುಕ್ಕೆ ಮಿಣುಕುತ್ತಿತ್ತು. ಕೊಣ್ಣೂರರು ಹತ್ತಿರ ಹೋಗಿ ಓದಿದರು.

'ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಾಳೆ.'

ಸಂಬಂಧಿಯ ಹೆಸರು ಎಂದು ಅವರು ಅನ್ನಲಿಲ್ಲ. ಸ್ಪ್ಯಾನರು, ಲ್ಯಾಪ್‌ಟಾಪು ಚೀಲಕ್ಕೆ ತುಂಬುತ್ತಿದ್ದ ವಾಸೀಂ ಜೀಪಿನ ಕೀಲಿ ಕೇಳಿದ. ಇಂದುಮತಿ ಆಗಲೇ ಮೆಟ್ಟಿಲಿಳಿದಿದ್ದಳು.